ಗುರುವಾರದ ನ್ಯೋಕ್ಕಿಗೆ ಕಾರ್ಬೊನಾರಾ

13 ನವೆಂಬರ್ 2025, ಗುರುವಾರ
ರೋಮ್

ಈ ಊರಲ್ಲಿ ಗುರುವಾರ ಬಂತೆಂದರೆ ನ್ಯೋಕ್ಕಿ. ಶುಕ್ರವಾರ ಮೀನು. ಶನಿವಾರ ತ್ರಿಪ್ಪಾ, ಅಂದರೆ ನಮ್ಮ ಬೋಟಿ. ಹಳೇ ಊಟದ ಮನೆಗಳ ಹೊರಗೆ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಈಗಲೂ ಬರೆದು ನಿಲ್ಲಿಸಿರುತ್ತಾರೆ. ಶುಕ್ರವಾರ ಕ್ಯಾಥೊಲಿಕ್ಕರು ಮಾಂಸ ಬಿಡುವ ದಿನ. ಹಿಂದಿನ ದಿನವೇ ಗಟ್ಟಿಯಾಗಿ ತಿಂದುಬಿಡೋಣ ಅನ್ನೋ ಲೆಕ್ಕ. ಈಗ ಶುಕ್ರವಾರ ಮಾಂಸ ಬಿಡುವವರು ನಮ್ಮ ಕಟ್ಟಡದಲ್ಲಿ ಮೇಲಿನ ಮಹಡಿಯ ಸಿನ್ಯೋರಾ, ಅಂದರೆ ಅಮ್ಮಾವ್ರು, ಒಬ್ಬರೇ ಇರಬೇಕು. ಗುರುವಾರದ ನ್ಯೋಕ್ಕಿ ಮಾತ್ರ ಯಾರೂ ಬಿಟ್ಟಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬೇಯಿಸಿದ ಆಲೂಗಡ್ಡೆಗೆ ಸ್ವಲ್ಪ ಮೈದಾ ಸೇರಿಸಿ ಕಲಸಿ, ಬೆರಳ ಗಾತ್ರ ಹೊಸೆದು, ಚಿಕ್ಕ ಚಿಕ್ಕದಾಗಿ ಕತ್ತರಿಸಿ ಕುದಿಯುವ ನೀರಿಗೆ ಹಾಕಿದರೆ ನ್ಯೋಕ್ಕಿ. ಒಂಥರಾ ಆಲೂಗಡ್ಡೆ ಕಡುಬು ಅಂದುಕೊಳ್ಳಿ. ಕಾರ್ಬೊನಾರಾ ಅಂದರೆ ಪಾಸ್ತಾಗೆ ಬೆರೆಸುವ ಒಂದು ಸಾಸು. ಅದಕ್ಕೆ ಮೊಟ್ಟೆಯ ಹಳದಿ, ಕುರಿ ಹಾಲಿನ ಪೆಕೊರಿನೊ ಚೀಸು, ಗ್ವಾಂಚಾಲೆ ಅನ್ನುವ ಉಪ್ಪು ಹಾಕಿ ಒಣಗಿಸಿದ ಹಂದಿ ಕೆನ್ನೆ, ಕರಿಮೆಣಸು. ಅಷ್ಟೇ. ಕೆನೆ ಹಾಕುವುದಿಲ್ಲ. ಬೆಂಗಳೂರಿನಲ್ಲಿದ್ದಾಗ ಕೆನೆ ಸುರಿದ ಕಾರ್ಬೊನಾರಾವನ್ನೇ ತಿಂದು ಚೆನ್ನಾಗಿದೆ ಅನ್ನುತ್ತಿದ್ದೆ. ಈಗ ಅದನ್ನು ಇಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲ.

ಇವೆರಡನ್ನೂ ಸೇರಿಸುವುದು ಸಿನ್ಯೋರಾಗೆ ಇಷ್ಟವಿಲ್ಲ. ಅವರ ಪ್ರಕಾರ ನ್ಯೋಕ್ಕಿಗೆ ಟೊಮೆಟೊ ಸಾಸು, ಇಲ್ಲ ಮಾಂಸದ ಸಾಸು. ಕಾರ್ಬೊನಾರಾಗೆ ಸ್ಪಗೆಟ್ಟಿ, ಹೆಚ್ಚೆಂದರೆ ರಿಗಾತೋನಿ ಅನ್ನುವ ಕೊಳವೆ ಪಾಸ್ತಾ. ಆದರೂ ಮಧ್ಯಾಹ್ನ ಊಟಕ್ಕೆ ಬನ್ನಿ ಅಂದ ತಕ್ಷಣ ಬರುತ್ತೇನೆ ಅಂದರು. ಬರುವುದಷ್ಟೇ ಅಲ್ಲ, ಒಂದು ಗಂಟೆ ಮುಂಚೆ ಏಪ್ರನ್ ಕಟ್ಟಿಕೊಂಡೇ ಇಳಿದು ಬಂದರು.

ಬೆಳಿಗ್ಗೆ ತೆಸ್ತಾಚ್ಚೊ ಮಾರ್ಕೆಟ್ಟಿಗೆ ಹೋಗಿದ್ದೆ. ಹಳೇ ಕಸಾಯಿಖಾನೆಯ ಎದುರಿಗಿರುವ ಮಾರ್ಕೆಟ್ಟು. ಈ ಅಡುಗೆಯ ಹಣೆಬರಹ ಆಲೂಗಡ್ಡೆ ಆರಿಸುವಾಗಲೇ ಗೊತ್ತಾಗುತ್ತದೆ. ಎಳೆಯದು ಬೇಡ, ನೀರು ಜಾಸ್ತಿ. ಕಿತ್ತು ಸ್ವಲ್ಪ ಕಾಲ ಇಟ್ಟ, ಬೇಯಿಸಿದರೆ ಹಿಟ್ಟುಹಿಟ್ಟಾಗಿ ಉದುರುವ ಆಲೂಗಡ್ಡೆ ಬೇಕು. ನೀರು ಜಾಸ್ತಿ ಇದ್ದರೆ ಮೈದಾ ಜಾಸ್ತಿ ಹಿಡಿಯುತ್ತದೆ. ಮೈದಾ ಜಾಸ್ತಿಯಾದರೆ ನ್ಯೋಕ್ಕಿ ರಬ್ಬರು. ಎಲ್ಲ ಇದರ ಮೇಲೇ ನಿಂತಿದೆ.

ನಾನು ತಗೊಳ್ಳುವುದು ಫುಚಿನೊ ಬಯಲಿನ ಆಲೂಗಡ್ಡೆ. ರೋಮ್‌ನಿಂದ ಪೂರ್ವಕ್ಕೆ, ಅಬ್ರುತ್ಸೊ ಬೆಟ್ಟಗಳ ನಡುವೆ ಇದೆ ಆ ಬಯಲು. ಹಿಂದೆ ಅದು ಸರೋವರ. ಇಟಲಿಯಲ್ಲೇ ಮೂರನೇ ದೊಡ್ಡದು. ಅದರ ನೀರು ಹರಿಸಿಬಿಡಬೇಕು ಅಂತ ಚಕ್ರವರ್ತಿ ಕ್ಲಾಡಿಯಸ್ ಬೆಟ್ಟದೊಳಗೆ ಸುರಂಗವನ್ನೇ ತೋಡಿಸಿದ್ದ. ಪೂರ್ತಿ ಬತ್ತಿಸಿದ್ದು 19ನೇ ಶತಮಾನದಲ್ಲಿ, ತೊರ್ಲೋನಿಯಾ ಅನ್ನುವ ಸಾಹುಕಾರ ಮನೆತನ ದುಡ್ಡು ಸುರಿದ ಮೇಲೆ. ಈಗ ಆ ಕೆರೆಯ ತಳದಲ್ಲಿ ಆಲೂಗಡ್ಡೆ ಮತ್ತು ಕ್ಯಾರೆಟ್ ಬೆಳೆಯುತ್ತಾರೆ. ಎರಡು ಸಾವಿರ ವರ್ಷದ ಹಟ, ಕೊನೆಗೆ ನನ್ನ ಚೀಲಕ್ಕೆ ಬಂತು!

ಮೂರು ಜನಕ್ಕೆ ಮುಕ್ಕಾಲು ಕಿಲೋ ಆಲೂಗಡ್ಡೆ, 200 ಗ್ರಾಂ ಮೈದಾ ಇಟ್ಟುಕೊಂಡೆ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ, ಇಡಿಯಾಗಿ, ತಣ್ಣೀರಿಗೆ ಹಾಕಿ ಒಲೆ ಹಚ್ಚಬೇಕು. ಸಿಪ್ಪೆ ತೆಗೆದು ಹೆಚ್ಚಿ ಬೇಯಿಸಿದರೆ ನೀರು ಕುಡಿಯುತ್ತದೆ. ಬೆಂದ ಮೇಲೆ ಕೈ ಸುಡುತ್ತಿದ್ದರೂ ಸಿಪ್ಪೆ ಸುಲಿದು ಬಿಸಿಬಿಸಿಯಾಗೇ ಒತ್ತಬೇಕು. ಹಬೆ ಹೋದಷ್ಟೂ ಒಳ್ಳೆಯದು. ಇಲ್ಲಿ ಇದಕ್ಕೆ ಬೇರೆ ಉಪಕರಣ ಸಿಗುತ್ತದೆ. ನಾನು ಊರಿಂದ ತಂದ ಶಾವಿಗೆ ಒರಳಿನಲ್ಲೇ ಒತ್ತುತ್ತೇನೆ. ಸಿನ್ಯೋರಾ ಅದನ್ನು ಎತ್ತಿ ನೋಡಿದರು, ಹಿಡಿ ಅಲ್ಲಾಡಿಸಿ ನೋಡಿದರು. ತಮ್ಮದಕ್ಕಿಂತ ಗಟ್ಟಿ ಇದೆ ಅಂದರು. ಇನ್ನೊಂದು ತರಿಸಿಕೊಡ್ತೀಯಾ ಅಂತಲೂ ಕೇಳಿದರು.

ಒತ್ತಿದ ಆಲೂಗಡ್ಡೆಯನ್ನು ಮಣೆಯ ಮೇಲೆ ಹರಡಿ, ಕೈ ಇಡುವಷ್ಟು ಆರಿದ ಮೇಲೆ ಮೈದಾ ಉದುರಿಸಬೇಕು. ಒಟ್ಟಿಗೆ ಸುರಿಯಬಾರದು. ಮೊಟ್ಟೆ ಹಾಕಬೇಕಾ ಬೇಡವಾ ಅನ್ನುವುದು ಇಲ್ಲಿ ದೊಡ್ಡ ಜಗಳ. ಮೊಟ್ಟೆ ಹಾಕಿದರೆ ಕಲಸಿದ್ದು ಒಡೆಯುವುದಿಲ್ಲ, ಆದರೆ ಮೃದು ಕಡಿಮೆ. ಸಾಸಿನಲ್ಲಿ ಹೇಗೂ ಮೊಟ್ಟೆ ಇದೆ, ಹಿಟ್ಟಿಗೂ ಯಾಕೆ? ನಾನು ಹಾಕಲಿಲ್ಲ. ಈ ಒಂದು ವಿಷಯದಲ್ಲಿ ಸಿನ್ಯೋರಾ ನನ್ನ ಪರ. ಆದರೆ ನಾದುವ ವಿಷಯದಲ್ಲಿ ಕೈ ಮೇಲೆ ಒಂದು ಏಟು ಬಿತ್ತು. ಚಪಾತಿ ಹಿಟ್ಟು ನಾದಿ ಪಳಗಿದ ಕೈ, ತನ್ನಷ್ಟಕ್ಕೆ ಮಡಚಿ ಒತ್ತುತ್ತದೆ. ಮೈದಾ ನಾದಿದಷ್ಟೂ ಜಿಗುಟು ಬರುತ್ತದೆ, ಇಲ್ಲಿ ಅದೇ ಬೇಡ. ಒಂದು ಮುದ್ದೆಯಾಗಿ ಕೂಡಿಕೊಂಡಿತು ಅಂದರೆ ಕೈ ತೆಗೆಯಬೇಕು.

ಹೊಸೆಯುವಾಗ ಸಕಲೇಶಪುರದಿಂದ ಅವ್ವನ ವಿಡಿಯೋ ಕಾಲ್ ಬಂತು. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ.

"ಏನವ್ವ ಅದು, ಉಂಡೆ?"

"ಆಲೂಗಡ್ಡೆ ಕಡುಬು ಅವ್ವ."

"ನೆಂಚ್ಕೊಳಕ್ಕೆ?"

"ಹಂದಿ ಕೆನ್ನೆ, ಮೊಟ್ಟೆ, ಚೀಸು."

ಕಡುಬಿಗೆ ಹಂದಿ ಅಂದದ್ದಕ್ಕೆ ನಮ್ಮವ್ವನಿಗೆ ಯಾವ ಅಚ್ಚರಿಯೂ ಆಗಲಿಲ್ಲ. ಮಲೆನಾಡಿನ ನಮ್ಮ ಮನೆಗಳಲ್ಲಿ ಹಬ್ಬ ಅಂದರೆ ಅದೇ ಅಲ್ವಾ? ತಕರಾರು ಬಂದಿದ್ದು ಮೊಟ್ಟೆಗೆ.

"ಮೊಟ್ಟೆ ಬೇಯ್ಸಲ್ವಾ?"

"ಬಿಸಿಗೇ ಬೇಯುತ್ತೆ."

"ಹಸಿ ಮೊಟ್ಟೆ ಹಾಕಿ ಆ ಹುಡುಗನ್ ಹೊಟ್ಟೆ ಕೆಡಿಸ್ಬೇಡ, ಮೊದ್ಲೇ ಉಡುಪಿಯೋನು."

ಹುಡುಗ ಅಂದರೆ ನಮ್ಮ ಯಜಮಾನರು. ಅವ್ವ ಹೇಳುವುದು ಸುಮ್ನೆ ಅಲ್ಲ. ಪೂರ್ತಿ ಗಟ್ಟಿಯಾಗದ ಮೊಟ್ಟೆ ಇದು. ಅದಕ್ಕೇ ತಾಜಾ ಮೊಟ್ಟೆಯನ್ನೇ ಹುಡುಕಿ ತರುತ್ತೇನೆ. ಇಲ್ಲಿ ಮೊಟ್ಟೆಯ ಚಿಪ್ಪಿನ ಮೇಲೇ ಕೆಂಪು ಶಾಯಿಯಲ್ಲಿ ಸಂಕೇತ ಒತ್ತಿರುತ್ತಾರೆ. ಮೊದಲ ಅಂಕೆ 0 ಇದ್ದರೆ ಸಾವಯವ, 1 ಇದ್ದರೆ ಹೊರಗೆ ಮೇಯುವ ಕೋಳಿ, 2 ಕೊಟ್ಟಿಗೆಯದು, 3 ಪಂಜರದ್ದು. ಆಮೇಲೆ ದೇಶದ ಹೆಸರಿನ ಎರಡಕ್ಷರ. ಹಳದಿ ಗಾಢವಾಗಿರುವ ಮೊಟ್ಟೆಯನ್ನು ಬೇರೆಯಾಗಿಯೇ ಮಾರುತ್ತಾರೆ, ಮನೆಯಲ್ಲಿ ಪಾಸ್ತಾ ಕಲಸುವವರಿಗೆ ಅಂತ. ನಾಲ್ಕು ಹಳದಿ, ಒಂದು ಇಡೀ ಮೊಟ್ಟೆ ಒಡೆದೆ. ಬಟ್ಟಲು ಕಿತ್ತಳೆ ಬಣ್ಣಕ್ಕೆ ತಿರುಗಿತು. 70 ಗ್ರಾಂ ಪೆಕೊರಿನೊ ತುರಿದು ಸೇರಿಸಿದೆ. ತುಂಬಾ ನುಣ್ಣಗೆ ತುರಿಯಬೇಕು. ಆಮೇಲೆ ಕರಿಮೆಣಸು ಕುಟ್ಟಿ ಧಾರಾಳವಾಗಿ. ಮೆಣಸು ನಮ್ಮ ತೋಟದ್ದು. ಸಿನ್ಯೋರಾ ಬಟ್ಟಲಿಗೆ ಮೂಗು ಇಟ್ಟು ಎರಡು ಸೀನು ಸೀನಿದರು.

ಪೆಕೊರಿನೊ ರೊಮಾನೊ ಅಂತ ಹೆಸರು ರೋಮ್‌ದು. ಹೆಚ್ಚಿನ ಪಾಲು ತಯಾರಾಗುವುದು ಸಾರ್ಡಿನಿಯಾ ದ್ವೀಪದಲ್ಲಿ. ತುಂಬಾ ಉಪ್ಪು. ಅದಕ್ಕೇ ಬೇಯಿಸುವ ನೀರಿಗೆ ಉಪ್ಪು ಕಡಿಮೆ ಹಾಕಬೇಕು. ಇನ್ನೊಂದು ವಿಷಯ, ಕಟ್ಟಾ ಸಸ್ಯಾಹಾರಿಗಳು ಕೇಳಿಸಿಕೊಳ್ಳಿ. ಈ ಚೀಸಿಗೆ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಮ್ಮ ಯಜಮಾನರು ಮೊಟ್ಟೆ ತಿನ್ನುತ್ತಾರೆ, ಮಾಂಸ ಇಲ್ಲ. ರೆನೆಟ್ ವಿಷಯ ಹೇಳಿದಾಗ ಅವರಿಗೆ ಫೋನ್ ಬಂದಿತ್ತು. ಆಮೇಲೂ ಕೇಳಿಸಿಕೊಂಡಿಲ್ಲ. ಅವರ ಪಾಲಿಗೆ ಹಂದಿ ಬದಲು ಕಾರ್ಚೋಫಿ, ಅಂದರೆ ಆರ್ಟಿಚೋಕ್. ಸಣ್ಣಗೆ ಹೆಚ್ಚಿ ಆಲಿವ್ ಎಣ್ಣೆಯಲ್ಲಿ ಗರಿಗರಿಯಾಗುವ ಹಾಗೆ ಹುರಿದಿಟ್ಟೆ. ಇದು ನನ್ನ ಬುದ್ಧಿಯಲ್ಲ, ಕಾರ್ಚೋಫಿಯ ಕಾರ್ಬೊನಾರಾ ಇಲ್ಲಿ ಬಳಕೆಯಲ್ಲೇ ಇದೆ.

ಗ್ವಾಂಚಾಲೆಗೆ ಎಣ್ಣೆ ಬೇಡ. ಕಡ್ಡಿಕಡ್ಡಿಯಾಗಿ ಹೆಚ್ಚಿ, ತಣ್ಣಗಿನ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಕೊಬ್ಬೆಲ್ಲ ಕರಗುತ್ತದೆ. ಕಡ್ಡಿಗಳು ಅದರಲ್ಲೇ ಕೆಂಪಗಾಗುತ್ತವೆ. ತುಂಡುಗಳನ್ನು ತೆಗೆದಿಟ್ಟು ಕೊಬ್ಬನ್ನು ಉಳಿಸಿಕೊಂಡೆ.

ಈಗ ಅಸಲು ವಿಷಯ. ಸ್ಪಗೆಟ್ಟಿಗೆ ಕಾರ್ಬೊನಾರಾ ಮಾಡುವ ಕ್ರಮವನ್ನೇ ನ್ಯೋಕ್ಕಿಗೆ ಮಾಡಿದರೆ ಮೊಟ್ಟೆ ಬುರ್ಜಿ ಆಗುತ್ತದೆ. ಸ್ಪಗೆಟ್ಟಿ ತೆಳು. ನೀರಿಂದ ಎತ್ತಿ ನಾಲ್ಕು ಸಲ ತಿರುವುವಷ್ಟರಲ್ಲಿ ಅರ್ಧ ಬಿಸಿ ಗಾಳಿಗೆ ಹೋಗಿರುತ್ತದೆ. ಆಲೂಗಡ್ಡೆ ಹಾಗಲ್ಲ. ಮೇಲೆ ಆರಿದ ಹಾಗೆ ಕಂಡರೂ ಒಳಗೆ ಕುದಿ ಹಿಡಿದುಕೊಂಡಿರುತ್ತದೆ. ಬೋಂಡಾ ಕಚ್ಚಿ ನಾಲಿಗೆ ಸುಟ್ಟುಕೊಂಡವರಿಗೆಲ್ಲ ಇದು ಗೊತ್ತು. ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿಗೆ ದಪ್ಪವಾಗುತ್ತಾ, 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ನಮಗೆ ಬೇಕಾದ ಕೆನೆಯಂಥ ಸಾಸು ಇರುವುದು ಆ ಸಣ್ಣ ಸಂದಿಯಲ್ಲಿ. ಚೀಸಿಗೂ ಹೆಚ್ಚು ಬಿಸಿ ಒಗ್ಗುವುದಿಲ್ಲ, ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ.

ಅಂದ ಹಾಗೆ, ಈ ಗಂಟಿನ ಮೇಲೆ ಈ ವರ್ಷ ಒಂದು ಬಹುಮಾನವೇ ಬಂತು. ಕಾಚೊ ಎ ಪೆಪೆ ಅಂತ ಪೆಕೊರಿನೊ ಮತ್ತು ಮೆಣಸಿನ ಇನ್ನೊಂದು ಪಾಸ್ತಾ ಇದೆ. ಅದರ ಸಾಸು ಯಾಕೆ ಗಂಟು ಕಟ್ಟುತ್ತದೆ ಅಂತ ಇಟಲಿಯ ಭೌತವಿಜ್ಞಾನಿಗಳು ಅಳೆದು ನೋಡಿದ್ದರು. ಸೆಪ್ಟೆಂಬರಿನಲ್ಲಿ ಅವರಿಗೆ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ, ಸಿಕ್ಕಿತು. ಚೀಸಿನ ತೂಕದ ಶೇ. 2ರಿಂದ 3ರಷ್ಟು ಪಿಷ್ಟ, ಅಂದರೆ ಗಂಜಿ, ಇದ್ದರೆ ಸಾಸು ನುಣ್ಣಗೆ ನಿಲ್ಲುತ್ತದೆ, ತೀರಾ ಕಡಿಮೆಯಾದರೆ ಗಂಟು. ಸಿನ್ಯೋರಾಗೆ ಹೇಳಿದೆ. "ಇದಕ್ಕೆ ವಿಜ್ಞಾನಿಗಳು ಬೇಕಾ? ನನ್ನ ಕೇಳಿದ್ರೆ ಸಾಕಿತ್ತು" ಅಂದರು. ಆದರೆ ನನಗೆ ಇದು ಕೆಲಸಕ್ಕೆ ಬಂತು. ನ್ಯೋಕ್ಕಿ ನೀರಿನಲ್ಲಿರುವುದೇ ಎರಡು ಮೂರು ನಿಮಿಷ. ಪಾಸ್ತಾ ಬೇಯಿಸಿದ ನೀರಿನಷ್ಟು ಗಂಜಿ ಅದರಲ್ಲಿ ಬಿಡುವುದಿಲ್ಲ. ಹಾಗಾಗಿ ಅಗಲದ ಪಾತ್ರೆಯಲ್ಲಿ ಕಡಿಮೆ ನೀರಿಟ್ಟು, ಮೂರು ಸರದಿಯಲ್ಲಿ ಅದೇ ನೀರಿನಲ್ಲಿ ಬೇಯಿಸಿದೆ. ಕೊನೆಯ ಸರದಿಗೆ ನೀರು ಬೆಳ್ಳಗೆ ಮೋಡ ಕಟ್ಟಿತ್ತು. ಅದೇ ಬೇಕಾಗಿದ್ದು.

ನ್ಯೋಕ್ಕಿ ಮುಳುಗಿ, ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮೇಲೆ ತೇಲಿ ಬರುತ್ತವೆ. ತೇಲಿದ್ದನ್ನು ಜಾಲರಿ ಸೌಟಿನಲ್ಲಿ ಎತ್ತಿ ಕೊಬ್ಬಿದ್ದ ಬಾಣಲೆಗೆ ಹಾಕಿದೆ. ಯಜಮಾನರ ಪಾಲು ಬೇರೆ ಬಾಣಲೆಗೆ. ಫೋರ್ಕಿನ ಬೆನ್ನಿನ ಮೇಲೆ ಉರುಳಿಸಿದ ಗೆರೆಗಳು ಕೊಬ್ಬು ತಾಗಿ ಮಿರಮಿರ ಹೊಳೆದವು. ಸಾಸು ಅಂಟಿಕೊಳ್ಳುವುದೂ ಆ ಗೆರೆಗಳಿಗೇ. ಒಲೆ ಆರಿಸಿ ಮೊಟ್ಟೆ ಬಟ್ಟಲು ಎತ್ತಿದೆ. ಸಿನ್ಯೋರಾ ನನ್ನ ಮಣಿಕಟ್ಟು ಹಿಡಿದು "ಆಸ್ಪೆತ್ತಾ" ಅಂದರು. ತಡಿ ಅಂತ. ಬಾಣಲೆಯ ಚುರುಚುರು ಪೂರ್ತಿ ನಿಂತಿತು. ಆಗಲೂ ಕೈ ಬಿಡಲಿಲ್ಲ. ಒಂದು ನ್ಯೋಕ್ಕಿ ಎತ್ತಿ ಎರಡಾಗಿ ಸೀಳಿದರು. ಒಳಗಿಂದ ಹಬೆ ಎದ್ದಿತು. "ನೋಡು" ಅಂತ ಹುಬ್ಬು ಹಾರಿಸಿ, ಆ ತುಂಡು ಬಾಯಿಗೆ ಹಾಕಿಕೊಂಡರು. ಅದನ್ನು ಅಗಿದು ನುಂಗಿದ ಮೇಲೆ ನನ್ನ ಕೈಗೆ ಬಿಡುಗಡೆ.

ಮೊಟ್ಟೆಗೆ ಮೊದಲು ಅರ್ಧ ಸೌಟು ಗಂಜಿ ನೀರು ಕಲಸಿ ಹದ ಮಾಡಿಕೊಂಡಿದ್ದೆ. ಆಲೂಗಡ್ಡೆ ಸಾಸನ್ನು ಹೀರುತ್ತದೆ, ಸ್ಪಗೆಟ್ಟಿಗಿಂತ ತೆಳ್ಳಗೇ ಬೇಕು. ಸುರಿದು, ಸೌಟು ಹಾಕದೆ ಬಾಣಲೆ ಕುಲುಕುತ್ತಾ ಹೋದೆ. ಸೌಟು ಹಾಕಿದರೆ ನ್ಯೋಕ್ಕಿ ಮುರಿಯುತ್ತದೆ. ಮೊದಲು ನೀರಾಗಿದ್ದದ್ದು ನೋಡ್ತಾ ನೋಡ್ತಾ ಹೊಳಪು ಬಂದು, ಬಾಣಲೆ ಬದಿಯಿಂದ ನಿಧಾನ ಜಾರತೊಡಗಿತು. ಅಲ್ಲಿಗೆ ನಿಲ್ಲಿಸಿ, ಗ್ವಾಂಚಾಲೆ ತುಂಡು ಹಾಕಿ, ತಟ್ಟೆಗೆ. ಯಜಮಾನರದ್ದಕ್ಕೆ ಕಾರ್ಚೋಫಿ.

ಊಟಕ್ಕೆ ಕೂತ ಮೇಲೆ ಶಾಸ್ತ್ರದ ಜಗಳ. ಸಿನ್ಯೋರಾ ಪ್ರಕಾರ ಕಾರ್ಬೊನಾರಾ ಹಿಂದಿನಿಂದ ಬಂದದ್ದು, ಹಾಗೆಲ್ಲ ಬದಲಾಯಿಸಬಾರದು. ನಾನೂ ಓದಿಕೊಂಡಿದ್ದೆ. 1944ರ ಜೂನ್ 4ಕ್ಕೆ ಅಮೆರಿಕದ ಸೈನ್ಯ ರೋಮ್‌ಗೆ ಬಂತು. ಸೈನಿಕರ ಬೇಕನ್, ಮೊಟ್ಟೆ ಪುಡಿ ಇಲ್ಲಿನ ಪಾಸ್ತಾಗೆ ಸೇರಿ ಇದು ಹುಟ್ಟಿತು ಅಂತ ಹೇಳುವವರು ಬಹಳ ಜನ. 1954ರಲ್ಲಿ ಇಟಲಿಯ ಅಡುಗೆ ಪತ್ರಿಕೆಯೊಂದು ಅಚ್ಚು ಹಾಕಿದ ಕಾರ್ಬೊನಾರಾದಲ್ಲಿ ಇದ್ದದ್ದು ಬೆಳ್ಳುಳ್ಳಿ ಮತ್ತು ಸ್ವಿಸ್ ಗ್ರುಯೇರ್ ಚೀಸು! ಗ್ವಾಂಚಾಲೆಯೂ ಇಲ್ಲ, ಪೆಕೊರಿನೊವೂ ಇಲ್ಲ. ನ್ಯೋಕ್ಕಿಯೂ ಅಷ್ಟೇ. ಆಲೂಗಡ್ಡೆ ಅಮೆರಿಕ ಖಂಡದಿಂದ ಬರುವ ಮೊದಲು ಬ್ರೆಡ್ಡಿನ ಚೂರು, ಬರೀ ಹಿಟ್ಟಿನಲ್ಲಿ ಮಾಡುತ್ತಿದ್ದರು. ಗ್ರುಯೇರ್ ಅನ್ನುವ ಹೆಸರು ಕೇಳಿ ಸಿನ್ಯೋರಾ ಶಿಲುಬೆ ಗುರುತು ಹಾಕಿಕೊಂಡರು. ಸ್ವಿಸ್‌ನವರ ಮೇಲೆ ಒಂದಿಷ್ಟು ಮಾತಾಡಿದರು. ತಟ್ಟೆ ಮಾತ್ರ ಬ್ರೆಡ್ಡಿನಿಂದ ಒರೆಸಿ ಖಾಲಿ ಮಾಡಿದರು. ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಗುರುವಾರ ಅವರ ಮನೆಯಲ್ಲಂತೆ, ಟೊಮೆಟೊ ಸಾಸಿನಲ್ಲಿ.

ಯಜಮಾನರು ತಮ್ಮದಕ್ಕೆ ಇನ್ನಷ್ಟು ಮೆಣಸು ಹಾಕಿಕೊಂಡರು. ಹಸಿಮೆಣಸಿನಕಾಯಿ ಇದ್ದರೆ ಒಳ್ಳೆಯದಿತ್ತು ಅಂತ ಕನ್ನಡದಲ್ಲಿ ಹೇಳಿದರು, ಸಿನ್ಯೋರಾಗೆ ತಿಳಿಯದಿರಲಿ ಅಂತ.

ಸಾಸು ಬೆರೆಸಿದ ನ್ಯೋಕ್ಕಿ ಎತ್ತಿಡಲು ಬರುವುದಿಲ್ಲ, ಮತ್ತೆ ಬಿಸಿ ಮಾಡಿದರೆ ಮೊಟ್ಟೆ ಗಟ್ಟಿಯಾಗುತ್ತದೆ. ಹಸಿ ನ್ಯೋಕ್ಕಿ ಒಂದು ಹಿಡಿ ಉಳಿದಿತ್ತು. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರಿಗೆ ಇಟ್ಟಿದ್ದೇನೆ. ಬೇಯಿಸುವಾಗ ಹೊರಗೆ ತೆಗೆದು ಕರಗಿಸಬಾರದು, ನೇರ ಕುದಿಯುವ ನೀರಿಗೆ. ನಾಲ್ಕು ಮೊಟ್ಟೆಯ ಬಿಳಿಯೂ ಉಳಿದಿದೆ. ನಾಳೆ ತಿಂಡಿಗೆ ಈರುಳ್ಳಿ ಹೆಚ್ಚಿ ಹಾಕಿ ಹುರಿದುಬಿಡುತ್ತೇನೆ, ಯಜಮಾನರ ಹಸಿಮೆಣಸಿನಕಾಯಿಯ ಜೊತೆ.