ಹಳೆಯ ಪೋಯಾಕ್ ತೆರೆಯುವ ಮುನ್ನ

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ, 1880ರ ದಶಕದಲ್ಲಿ. ಮೈಲುತುತ್ತ, ಸುಣ್ಣದ ಆ ನೀಲಿ ನೀರು ಮಲೆನಾಡಿಗೆ ಚಿರಪರಿಚಿತ. ಅದು ಕಾಪಾಡಿದ ದ್ರಾಕ್ಷಿಯ ವೈನ್ ಅಷ್ಟು ಪರಿಚಿತವಲ್ಲ. ಬೋರ್ಡೋ ನಗರದ ಉತ್ತರಕ್ಕಿರುವ ಪೋಯಾಕ್‌ನ ಕೆಂಪು ವೈನನ್ನೇ ತೆಗೆದುಕೊಳ್ಳಿ, 1996ರದ್ದು. ಅಲ್ಲಿಯ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಗೆ ಅದು ಒಳ್ಳೆಯ ವರ್ಷ.

ವೈನ್ ಹಳೆಯದಾದಷ್ಟೂ ರುಚಿ ಎಂಬ ಮಾತು ಎಲ್ಲ ವೈನಿಗೂ ಸಲ್ಲದು. ಬಹುಪಾಲು ಬಾಟಲಿಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದವು. ಪೋಯಾಕ್ ಬಾಳುವುದು ಸಿಪ್ಪೆ, ಬೀಜದ ಗಟ್ಟಿ ಒಗರಿನಿಂದ. ವರ್ಷಗಳು ಕಳೆದಂತೆ ಆ ಒಗರೂ ಬಣ್ಣವೂ ಒಂದಕ್ಕೊಂದು ಕೂಡಿ, ಭಾರವಾಗಿ, ಗಸಿಯಾಗಿ ತಳಕ್ಕಿಳಿಯುತ್ತವೆ. ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ ಕಾಣುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ಹೊಗೆಸೊಪ್ಪು, ದೇವದಾರು, ಅಣಬೆ, ತರಗೆಲೆ ಕೊಳೆತ ಒದ್ದೆ ಮಣ್ಣು ಮುಂದೆ ಬರುತ್ತವೆ.

ಕುಡಿಯುವ ಒಂದೆರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ಕೆಳಗಿಳಿಯಲಿ. ಹಳೆಯ ಕಾರ್ಕ್ ಮೆತ್ತಗಾಗಿರುತ್ತದೆ, ತಿರುಪಿನ ಓಪನರ್ ಅದನ್ನು ಪುಡಿ ಮಾಡೀತು. ಎರಡು ಅಲಗಿನ ಓಪನರ್ ಒಳ್ಳೆಯದು: ಉದ್ದದ ಅಲಗನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ತೂರಿಸಿ, ಅತ್ತಿತ್ತ ಅಲುಗಿಸುತ್ತ ಇಳಿಸಿ, ತಿರುಗಿಸುತ್ತ ಎಳೆಯಿರಿ. ಆದರೂ ಕಾರ್ಕ್ ಒಳಗೆ ಬಿದ್ದರೆ ಗಾಬರಿ ಬೇಡ, ಮಲ್ಲು ಬಟ್ಟೆಯಲ್ಲಿ ಸೋಸಿದರಾಯಿತು.

ಕುತ್ತಿಗೆಯ ಮೇಲಿನ ತಗಡಿನ ಹೊದಿಕೆಯನ್ನು ಪೂರ್ತಿ ಬಿಡಿಸಿ, ಕೆಳಗಿನಿಂದ ಮೊಬೈಲ್ ಟಾರ್ಚ್ ಬೆಳಕು ಹಿಡಿದು ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ನಿಧಾನ ಬಗ್ಗಿಸಿ. ನಡುವೆ ನಿಲ್ಲಿಸಿ ಬಾಟಲಿ ಎತ್ತಿದರೆ ಗಸಿ ಕದಡಿಹೋಗುತ್ತದೆ. ಬಾಟಲಿಯ ಹೆಗಲಿಗೆ ಕಪ್ಪು ಎಳೆ ಬಂದಾಗ ನಿಲ್ಲಿಸಿ. ತಳದಲ್ಲಿ ನಾಲ್ಕೈದು ಚಮಚ ಉಳಿದರೆ ಉಳಿಯಲಿ. ಇದನ್ನು ಬಡಿಸುವ ಹೊತ್ತಿಗೇ ಮಾಡಿ. ಎಳೆಯ ವೈನಿಗೆ ಎರಡು ಗಂಟೆಯ ಗಾಳಿ ಹಿತ, ಇದರ ಪರಿಮಳ ಅಷ್ಟರಲ್ಲಿ ಹಾರಿಹೋಗಬಹುದು.

ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎನ್ನುವವರ ಮನಸ್ಸಿನಲ್ಲಿದ್ದದ್ದು ಫ್ರಾನ್ಸಿನ ಹಳೆಯ ಕಲ್ಲಿನ ಮನೆ, ಏಪ್ರಿಲ್ಲಿನ ಬೆಂಗಳೂರಲ್ಲ. 16ರಿಂದ 18 ಡಿಗ್ರಿ ಸಾಕು. ಹೆಚ್ಚಾದರೆ ಮದ್ಯಸಾರದ ಘಾಟೇ ಮೂಗಿಗೆ ಬಡಿಯುತ್ತದೆ.

ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಹತ್ತು ನಿಮಿಷ ಕಾಯಿರಿ, ಹೋದೀತು. ಒದ್ದೆ ರಟ್ಟಿನ ವಾಸನೆ ಹೋಗದೆ ಹೆಚ್ಚುತ್ತಿದ್ದರೆ ಅದು ಕಾರ್ಕಿನ ದೋಷ. ಆರೋಗ್ಯಕ್ಕೆ ತೊಂದರೆಯಿಲ್ಲ, ರುಚಿಗೆ ಮದ್ದೂ ಇಲ್ಲ.

ಊಟದ ರುಚಿ ತಗ್ಗಿದ ದನಿಯಲ್ಲಿರಲಿ. ಪೋಯಾಕ್‌ನವರು ಇದರ ಜೊತೆ ತಮ್ಮೂರಿನದೇ ಹಾಲುಕುಡಿಯುವ ಕುರಿಮರಿಯ ಮಾಂಸವನ್ನು ಬೆಳ್ಳುಳ್ಳಿ, ಉಪ್ಪು ಹಚ್ಚಿ, ಒಳಗೆ ನಸುಗೆಂಪು ಉಳಿಯುವಂತೆ ಸುಡುತ್ತಾರೆ. ಶರತ್ಕಾಲದಲ್ಲಿ ಸೆಪ್ ಅಣಬೆಯೂ ಉಂಟು. ಚೀಸ್ ಬೇಕೆಂದರೆ ಕೊಂತೆ. ನೀಲಿ ಬೂಸಿನ ರೋಕ್‌ಫೋರ್ ಇದನ್ನು ನುಂಗಿಹಾಕುತ್ತದೆ, ಅದಕ್ಕೆ ಸೋತೆರ್ನ್‌ನ ಸಿಹಿ ವೈನೇ ಜೋಡಿ. ನಮ್ಮ ಮಟನ್ ಸಾರೂ ಬೇಡ: ಮದ್ಯಸಾರ ಮೆಣಸಿನಕಾಯಿಯ ಉರಿ ಏರಿಸುತ್ತದೆ, ಹುಣಸೆಯ ಹುಳಿಯ ಮುಂದೆ ವೈನ್ ಸಪ್ಪೆ. ತುಪ್ಪದಲ್ಲಿ ಹುರಿದ ಅಣಬೆಗೆ ಉಪ್ಪು, ಚಿಟಿಕೆ ಕಾಳುಮೆಣಸು ಹಾಕಿದರೆ ಚೆನ್ನಾಗಿ ಹೊಂದುತ್ತದೆ. ಕೊನೆಗೆ ನಿಂಬೆ ಹಿಂಡುವ ಕೈಯನ್ನು ಮಾತ್ರ ತಡೆಯಿರಿ.