ಎರಡು ಕ್ಯೂಬ್, ಎರಡು ಹನಿ ನೀರು

ಹಾವೇರಿ ಹತ್ತಿರ ಒಂದು ಕಟ್ಟಡದ ಕೆಲಸ. ಏಪ್ರಿಲ್ ಬಿಸಿಲು. ನಾನು ಸೈಟ್ ಇಂಜಿನಿಯರ್ ಆಗಿ ಎರಡನೇ ವರ್ಷ. ಸ್ಲ್ಯಾಬ್ ಹಾಕಿದ ದಿನ ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ತುಂಬಿಸಿದ ಚೌಕದ ಗಟ್ಟಿಗಳಲ್ಲಿ, ಅಂದರೆ ಕ್ಯೂಬ್‌ಗಳಲ್ಲಿ, ಒಂದು ನೀರಿನ ತೊಟ್ಟಿಗೆ ಹೋಗಲೇ ಇಲ್ಲ. ಸಿಮೆಂಟ್ ಶೆಡ್ಡಿನ ಮೂಲೆಯಲ್ಲಿ ಉಳಿದುಬಿಟ್ಟಿತ್ತು. ನೋಡಿಕೊಳ್ಳಬೇಕಾದವನು ನಾನೇ.

28 ದಿನ ಕಳೆದ ಮೇಲೆ ಅದು ಸಿಕ್ಕಿತು. ತೊಟ್ಟಿಯಲ್ಲಿದ್ದ ಒಂದನ್ನೂ ತೆಗೆದು ವಾರವಿಡೀ ಒಣಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟೆ. ಮೈಮೇಲಿನ ತೂತುಗಳು ಎರಡರಲ್ಲೂ ಒಂದೇ ತರಹ. ಒಂದೊಂದು ಹನಿ ನೀರು ಬಿಟ್ಟೆ. ತೊಟ್ಟಿಯದರ ಮೇಲೆ ಹನಿ ಗುಂಡಗೆ ಹೊಳೆಯುತ್ತಾ ನಿಂತಿತು. ಶೆಡ್ಡಿನದು ನೋಡನೋಡುತ್ತಲೇ ಹೀರಿಕೊಂಡಿತು, ಕಪ್ಪು ಕಲೆಯಷ್ಟೇ ಉಳಿಯಿತು.

ಕಣ್ಣಿಗೆ ಕಾಣುವ ತೂತು ಸಿಕ್ಕಿಬಿದ್ದ ಗಾಳಿಯದು. ಹಸಿ ಕಾಂಕ್ರೀಟನ್ನು ಅಲುಗಿಸುವ ವೈಬ್ರೇಟರ್ ಸರಿಯಾಗಿ ಹಿಡಿದರೆ ಹೋಗುತ್ತದೆ. ಹೀರಿದ್ದು ಬೇರೆ ತೂತು, ನೀರು ಬಿಟ್ಟುಹೋದ ದಾರಿ. 50 ಕೆಜಿ ಚೀಲದ ಸಿಮೆಂಟ್ ಪೂರ್ತಿ ಗಟ್ಟಿಯಾಗುವಾಗ ತನ್ನೊಳಗೆ ಕಟ್ಟಿಕೊಳ್ಳುವುದು ಸುಮಾರು 11-12 ಲೀಟರ್ ನೀರು. ನಾವು ಹಾಕುವುದು 25. ಉಳಿದದ್ದರಲ್ಲಿ ಒಂದಿಷ್ಟು ಸಿಮೆಂಟಿನ ಅಂಟಿನಲ್ಲೇ ಇರುತ್ತದೆ, ಮಿಕ್ಕಿದ್ದು ಕಣಗಳ ನಡುವೆ ಕೂದಲಿಗಿಂತ ಸಣ್ಣ ಕಾಲುವೆಗಳಾಗುತ್ತದೆ.

ಆದರೆ ಆ ಕಾಲುವೆ ಹಾಗೇ ಇರುವುದಿಲ್ಲ. ನನಗೆ ಇವತ್ತಿಗೂ ಬೆರಗು ಅನಿಸುವುದು ಇದೇ. ಒಂದು ಕಣ ನೀರಿನ ಜೊತೆ ಸೇರಿ ಅಂಟಾದರೆ ಮೊದಲಿನ ಎರಡರಷ್ಟು ಜಾಗ ತುಂಬುತ್ತದೆ. ದಿನದಿನಕ್ಕೂ ಕಾಲುವೆ ಕಿರಿದಾಗಿ, ಕೊನೆಗೆ ನಡುನಡುವೆ ಮುಚ್ಚಿಕೊಳ್ಳುತ್ತದೆ. ಚೀಲಕ್ಕೆ 25 ಲೀಟರ್ ಹಾಕಿ ಹಸಿಯಾಗಿಟ್ಟರೆ ಸುಮಾರು 14 ದಿನ ಬೇಕು. 35 ಲೀಟರ್ ದಾಟಿದರೆ ಎಷ್ಟು ನೀರು ಹೊಡೆದರೂ ಪೂರ್ತಿ ಮುಚ್ಚುವುದಿಲ್ಲ. ನಡುವೆ ಒಣಗಿದರೆ ಅಂಟಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಶೆಡ್ಡಿನ ಕ್ಯೂಬಿಗೆ ಆದದ್ದು ಇದೇ.

"ಮಾಲು ಬಿಗಿ ಆತ್ರಿ ಸರ, ಒಂದ್ ಬಕೆಟ್ ನೀರು ಹಾಕ್ತೀನ್ರಿ" ಅನ್ನುತ್ತಿದ್ದ ಹಿರಿಯ ಗೌಂಡಿಗೆ ಆ ಎರಡು ಕ್ಯೂಬ್ ತೋರಿಸಿ, ನೀರು ಹೆಚ್ಚಾದರೂ ಕಾಲುವೆ ಹೀಗೇ ತೆರೆದು ಉಳಿಯುತ್ತದೆ ಅಂದೆ. "ಕಾಕಾ, ನೀವೇ ಹನಿ ಬಿಟ್ಟು ನೋಡ್ರಿ" ಅಂದೆ. ಮೂರು ಸಲ ಬಿಟ್ಟು ನೋಡಿದರು. ಮಾರನೇ ದಿನ ಬಕೆಟ್ಟಿಗೆ ಬಣ್ಣದಿಂದ ಗೆರೆ ಎಳೆದದ್ದು ಅವರೇ.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಒಣ ಬಿಸಿಲಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಹಸಿಯಾಗಿಡುವುದನ್ನು, ಕೇಳುತ್ತದೆ. ಹಾರುಬೂದಿ ಬೆರೆತ ಸಿಮೆಂಟಿಗೆ 14 ದಿನ ಒಳ್ಳೆಯದು ಅನ್ನುತ್ತದೆ. ಈಗ ಧಾರವಾಡದ ಸೈಟಿನಲ್ಲಿ ಒಂಬತ್ತನೇ ದಿನವೂ ಮಧ್ಯಾಹ್ನ ಎರಡಕ್ಕೆ ಗೋಣಿತಟ್ಟು ಎತ್ತಿ ಸ್ಲ್ಯಾಬಿಗೆ ಅಂಗೈ ಇಡುತ್ತೇನೆ. ತಂಪಾಗಿದ್ದರೆ ಸರಿ. ಬೆಚ್ಚಗಿದ್ದರೆ ಪೈಪ್ ನಾನೇ ಹಿಡಿಯುತ್ತೇನೆ.