ಕಾರಿಲ್ಲದೆ ಮಂಗಳೂರು: ಕೊಡಗಿನಿಂದ ಮೊದಲ ಸಲ ಕಡಲಿಗೆ ಹೊರಡುವವರಿಗೆ

ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್. ಬಸ್ಸಿಗೆ ನಾಲ್ಕು ಗಂಟೆ ಇಟ್ಟುಕೊಂಡರೆ ಸಾಕು. ಇಷ್ಟು ಹತ್ತಿರದ ಸಮುದ್ರವನ್ನು ನಮ್ಮ ಕಡೆಯ ಎಷ್ಟೋ ಮನೆಯವರು ಇನ್ನೂ ನೋಡಿಲ್ಲ. ಕಾರಣ ಕೇಳಿದರೆ, ಸ್ವಂತ ಗಾಡಿ ಇಲ್ಲದೆ ಅಲ್ಲಿ ಸುತ್ತಾಡುವುದು ಹೇಗೆ ಅನ್ನುತ್ತಾರೆ. ಮಂಗಳೂರಿನಲ್ಲಿ ಕಾರು ಅಷ್ಟೇನೂ ಬೇಕಾಗುವುದಿಲ್ಲ. ಹಗಲಿಡೀ ಸಿಟಿ ಬಸ್ ಓಡುತ್ತದೆ, ಕನ್ನಡ ಎಲ್ಲೆಡೆ ನಡೆಯುತ್ತದೆ. ಮೊದಲ ಸಲ ಹೋದವರು ಎಡವುವುದು ಎರಡು ಕಡೆ: ರೂಮನ್ನು ಎಲ್ಲಿ ಹಿಡಿದರು, ದಿನದ ಯಾವ ಹೊತ್ತಿನಲ್ಲಿ ಹೊರಗೆ ತಿರುಗಿದರು. ಎರಡು ರಾತ್ರಿಯ ಪ್ರವಾಸಕ್ಕೆ ಇವೆರಡನ್ನು ಸರಿ ಮಾಡಿಕೊಂಡರೆ ಉಳಿದದ್ದು ಸುಲಭ.

ಮೊದಲು ಕಾಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಕಡಲು ಕೆರಳಿರುತ್ತದೆ, ನೀರಿಗೆ ಇಳಿಯಲು ಬಿಡುವುದಿಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದರಿಂದ ತಾಜಾ ಮೀನೂ ಕಡಿಮೆ, ಇದ್ದರೂ ದುಬಾರಿ. ಸಾಲದ್ದಕ್ಕೆ ದಾರಿಯಲ್ಲಿ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿಹೋಗಿದ್ದು ಯಾರಿಗೂ ಮರೆತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇರುತ್ತದೆ ನಿಜ, ಆದರೆ ಆ ಸೆಕೆ ನಮ್ಮ ಮೈಗೆ ಒಗ್ಗುವಂಥದ್ದಲ್ಲ. ತೋಟದ ಮನೆಯವರಿಗೆ ಸರಿಹೊಂದುವ ಬಿಡುವು ತುಲಾ ಸಂಕ್ರಮಣ ಮುಗಿದ ಮೇಲಿನದು. ಮಳೆ ಹಿಂದೆ ಸರಿದಿರುತ್ತದೆ, ಅರೇಬಿಕಾ ಕೊಯ್ಲು ಬಿರುಸಾಗಿರುವುದಿಲ್ಲ, ಪುತ್ತರಿ ಹಬ್ಬಕ್ಕೆ ಇನ್ನೂ ಸಮಯವಿರುತ್ತದೆ. ಅದು ತಪ್ಪಿದರೆ ಅರೇಬಿಕಾ ಮುಗಿದು ರೋಬಸ್ಟಾ ಶುರುವಾಗುವ ಮುಂಚಿನ ನಾಲ್ಕು ದಿನ. ದಸರಾ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟುಬಿಡಿ. ಬಸ್ಸೂ ತುಂಬಿರುತ್ತದೆ, ರೂಮಿನ ಬಾಡಿಗೆಯೂ ಏರಿರುತ್ತದೆ. ಭಾನುವಾರ ಸಂಜೆ ಪಣಂಬೂರು ಬೀಚಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಾಗಾಗಿ ಮಂಗಳವಾರ ಹೋಗಿ ಗುರುವಾರ ಬರುವುದು ಶನಿವಾರ ಹೋಗಿ ಸೋಮವಾರ ಬರುವುದಕ್ಕಿಂತ ಎಷ್ಟೋ ಮೇಲು.

ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಹಾಕಿ. ಮೊದಲು ತಿಳಿದುಕೊಳ್ಳಬೇಕಾದದ್ದು ಮಡಿಕೇರಿಯಿಂದ ನಿಮ್ಮೂರಿಗೆ ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದು. ನಾಪೋಕ್ಲು ಇರಲಿ, ಸೋಮವಾರಪೇಟೆ ಇರಲಿ, ಸಿದ್ದಾಪುರ ಇರಲಿ, ಒಳಗಿನ ಊರುಗಳ ಖಾಸಗಿ ಬಸ್ಸುಗಳು ಕತ್ತಲಾಗುವ ಹೊತ್ತಿಗೆ ಮುಗಿಯುತ್ತವೆ. ಆ ಸಮಯದಿಂದ ಐದೂವರೆ ಗಂಟೆ ಹಿಂದಕ್ಕೆ ಎಣಿಸಿ: ನಾಲ್ಕು ಗಂಟೆ ಪ್ರಯಾಣ, ಒಂದು ಗಂಟೆ ಘಾಟಿಯ ಲಾರಿ ಸಾಲಿಗೋ ಮಂಜಿಗೋ, ಅರ್ಧ ಗಂಟೆ ಮಡಿಕೇರಿಯಲ್ಲಿ ಸರಕಾರಿ ಬಸ್ ಸ್ಟ್ಯಾಂಡಿನಿಂದ ಖಾಸಗಿ ಬಸ್ ಸ್ಟ್ಯಾಂಡಿಗೆ ಹೋಗುವುದಕ್ಕೆ. ಕೊನೆಯ ಬಸ್ ಸಂಜೆ ಆರಕ್ಕಿದ್ದರೆ ಮಂಗಳೂರನ್ನು ಹನ್ನೆರಡೂವರೆಯೊಳಗೆ ಬಿಡಬೇಕು. ಅಂದರೆ ಮೂರನೆಯ ದಿನ ನಿಮಗೆ ಸಿಗುವುದು ಬೆಳಗಿನ ಹೊತ್ತು ಮಾತ್ರ. ಇದನ್ನು ಮೊದಲೇ ಒಪ್ಪಿಕೊಂಡವರಿಗೆ ಕೊನೆಯ ದಿನ ಓಡಾಟ ಇರುವುದಿಲ್ಲ.

ಹೋಗುವ ದಿನ ಬೆಳಿಗ್ಗೆ ಆರರಿಂದ ಏಳರೊಳಗಿನ ಬಸ್ ಹಿಡಿಯಿರಿ. ಮೈಸೂರು ಕಡೆಯಿಂದ ಬರುವ ಬಸ್ ಆದರೆ ಮಡಿಕೇರಿಗೆ ಬರುವಾಗಲೇ ಅರ್ಧ ತುಂಬಿರುತ್ತದೆ, ಸೀಟು ಮುಂಗಡ ಮಾಡಿಸುವುದು ಒಳ್ಳೆಯದು. ಮಡಿಕೇರಿಯಿಂದ ಸಂಪಾಜೆವರೆಗೆ ತಿರುವಿನ ಮೇಲೆ ತಿರುವು. ವಾಂತಿಯ ತೊಂದರೆ ಇರುವವರು ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದಿನ ಮೂರು ಸಾಲಿನಲ್ಲಿ ಕೂರಲಿ, ಹೊಟ್ಟೆ ತುಂಬ ತಿಂದು ಹತ್ತುವುದು ಬೇಡ. ಸುಳ್ಯದಲ್ಲೋ ಪುತ್ತೂರಿನಲ್ಲೋ ಬಸ್ ನಿಂತಾಗ ತಿಂಡಿ ಮಾಡಿದರಾಯಿತು. ಸುಳ್ಯ ಬರುವಷ್ಟರಲ್ಲಿ ಸ್ವೆಟರ್ ತೆಗೆಯಬೇಕಾಗುತ್ತದೆ. ಅದನ್ನು ಚೀಲದ ತಳಕ್ಕೆ ಹಾಕಬೇಡಿ, ವಾಪಸು ಬರುವಾಗ ಘಾಟಿ ಹತ್ತುತ್ತಿದ್ದಂತೆ ಮತ್ತೆ ಬೇಕು.

ಶಕ್ತಿ ಯೋಜನೆಯ ಲೆಕ್ಕವನ್ನು ಹೆಂಗಸರು ಸರಿಯಾಗಿ ತಿಳಿದುಕೊಂಡು ಹೊರಡಬೇಕು. 2023ರ ಜೂನ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಟಿಕೆಟ್ ಹಣ ಇಲ್ಲ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಐರಾವತದಂಥ ಬಸ್ಸಿಗೆ ಅದು ನಡೆಯುವುದಿಲ್ಲ. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವು, ಅಲ್ಲೂ ನಡೆಯುವುದಿಲ್ಲ. ಆದ್ದರಿಂದ ಹತ್ತು, ಇಪ್ಪತ್ತರ ನೋಟು, ನಾಣ್ಯ ಮನೆಯಿಂದಲೇ ತೆಗೆದುಕೊಂಡು ಹೋಗಿ. ತುಂಬಿದ ಬಸ್ಸಿನಲ್ಲಿ ಐನೂರರ ನೋಟು ಚಾಚಿದರೆ ಕಂಡಕ್ಟರಿಗೂ ಕಷ್ಟ, ನಿಮಗೂ ಕಷ್ಟ.

ರೂಮಿನ ವಿಷಯಕ್ಕೆ ಬರುತ್ತೇನೆ. ಸಮುದ್ರ ನೋಡಲು ಹೋಗುವವರಿಗೆ ಸಮುದ್ರದ ಪಕ್ಕದಲ್ಲೇ ಇರುವ ಆಸೆ ಸಹಜ. ಕಾರಿದ್ದರೆ ಸರಿ. ಇಲ್ಲದವರು ಉಳ್ಳಾಲ, ಸೋಮೇಶ್ವರ, ತಣ್ಣೀರುಬಾವಿ ಕಡೆ ಉಳಿದರೆ ರಾತ್ರಿ ಊಟಕ್ಕೆ ಆಟೋ, ಬೆಳಗಿನ ತಿಂಡಿಗೆ ಆಟೋ, ಊರು ನೋಡಲು ಮತ್ತೆ ಆಟೋ. ಉಳಿಸಿದ ಬಾಡಿಗೆ ಎಲ್ಲ ಅಲ್ಲೇ ಹೋಗುತ್ತದೆ. ಮೊದಲ ಸಲ ಹೋಗುವವರಿಗೆ ಊರ ನಡುವಿನ ಹಂಪನಕಟ್ಟೆ ಅಥವಾ ಸ್ಟೇಟ್ ಬ್ಯಾಂಕ್ ಎಂದು ಕರೆಯುವ ಸಿಟಿ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಉಳಿಯುವುದೇ ಸರಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಸಿಟಿ ಬಸ್ಸುಗಳು ಹೊರಡುವುದು ಸ್ಟೇಟ್ ಬ್ಯಾಂಕಿನಿಂದ, ಹಾಗಾಗಿ ಕೂರಲು ಸೀಟು ಸಿಗುತ್ತದೆ. ಸೆಂಟ್ರಲ್ ರೈಲು ನಿಲ್ದಾಣ ಹತ್ತಿರ, ಹೋಟೆಲುಗಳು ನಡೆದುಹೋಗುವಷ್ಟು ದೂರದಲ್ಲಿ. ಬಿಜೈನ ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡ್ ಇಲ್ಲಿಂದ ಬೇರೆಯೇ ದಿಕ್ಕಿನಲ್ಲಿದೆ. ಮಡಿಕೇರಿಯಲ್ಲಿ ಬಸ್ ಹತ್ತುವಾಗಲೇ ಕಂಡಕ್ಟರನ್ನು ಕೇಳಿ: ಜ್ಯೋತಿ ಮೇಲೆ ಹೋಗುತ್ತದಾ? ಹೋಗುವುದಾದರೆ ಜ್ಯೋತಿ ಸ್ಟಾಪಿನಲ್ಲಿ ಇಳಿದರೆ ಹಂಪನಕಟ್ಟೆ ಹತ್ತಿರ. ಬಿಜೈವರೆಗೆ ಹೋಗಿ ಮತ್ತೆ ಹಿಂದಕ್ಕೆ ಬರುವುದು ತಪ್ಪುತ್ತದೆ.

ಲಾಡ್ಜಿಗೆ ಫೋನ್ ಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಚೆಕ್‌ಔಟ್ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ? ಬೆಳಿಗ್ಗೆ ಹನ್ನೊಂದಕ್ಕೆ ತಲುಪುವ ನಿಮಗೆ 24 ಗಂಟೆಯ ಲೆಕ್ಕವೇ ಲಾಭ. 12ರ ಲೆಕ್ಕದವರಾದರೆ ಬೇಗ ಬಂದರೆ ರೂಮು ಕೊಡುತ್ತೀರಾ, ಇಲ್ಲದಿದ್ದರೆ ಚೀಲವಾದರೂ ಇಡಲು ಬಿಡುತ್ತೀರಾ ಎಂದು ಆಗಲೇ ಮಾತಾಡಿಕೊಳ್ಳಿ. ಎಸಿ ಬೇಕೇ ಎಂದರೆ, ನಮ್ಮ ಹವೆಗೆ ಒಗ್ಗಿದವರಿಗೆ ಮಾರ್ಚ್‌ನಿಂದ ಮೇವರೆಗೆ ಬೇಕೇ ಬೇಕು. ಡಿಸೆಂಬರಿನಲ್ಲಿ ಗಾಳಿಯಾಡುವ ಕಿಟಕಿ, ಜೋರಾಗಿ ತಿರುಗುವ ಫ್ಯಾನು ಇದ್ದರೆ ನಡೆಯುತ್ತದೆ.

ಇನ್ನು ದಿನದ ಹೊತ್ತು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಮರಳಿನ ಮೇಲೆ ಇರಬೇಡಿ. ಬಿಸಿಲಿನ ಅಂಕಿ ನೋಡಿದರೆ 32, 33 ಡಿಗ್ರಿ, ದೊಡ್ಡದೇನಲ್ಲ ಅನಿಸಬಹುದು. ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಾಯಾರುವ ಮೊದಲೇ ನೀರು ಕುಡಿಯುತ್ತಿರಬೇಕು. ಬೊಂಡ, ಅಂದರೆ ಎಳನೀರು, ಎಲ್ಲ ಕಡೆ ಸಿಗುತ್ತದೆ. ಒಂದು ಸಂಜೆಗೆ ಒಂದೇ ಬೀಚ್ ಸಾಕು. ಎರಡನ್ನು ನೋಡುತ್ತೇವೆ ಎಂದು ಹೊರಟವರು ಸೂರ್ಯ ಮುಳುಗುವಾಗ ಬಸ್ಸಿನಲ್ಲಿ ಇರುತ್ತಾರೆ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ, ಏಪ್ರಿಲ್‌ನಲ್ಲಿ ಆರೂಮುಕ್ಕಾಲರ ಹತ್ತಿರ ಸೂರ್ಯಾಸ್ತ. ನಾಲ್ಕಕ್ಕೆ ರೂಮು ಬಿಟ್ಟರೆ ನಿಧಾನವಾಗಿ ತಲುಪಬಹುದು.

ಮೊದಲ ಸಂಜೆಗೆ ಪಣಂಬೂರು. ಊರಿನಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್, ನವಮಂಗಳೂರು ಬಂದರಿನ ಪಕ್ಕ. ಸುರತ್ಕಲ್ ಕಡೆ ಹೋಗುವ ಬಸ್ಸಿನಲ್ಲಿ ಕೂತು ಪಣಂಬೂರು ಎಂದು ಹೇಳಿ. ಹೆದ್ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕು, ವಯಸ್ಸಾದವರಿದ್ದರೆ ಆಟೋ ಮಾಡಿಕೊಳ್ಳಿ. ಅಂಗಡಿ, ಜನ, ಜೀವರಕ್ಷಕರು ಎಲ್ಲ ಇರುವುದರಿಂದ ಮೊದಲ ಸಲಕ್ಕೆ ಇದೇ ಸೂಕ್ತ.

ಎರಡನೆಯ ಸಂಜೆಗೆ ತಣ್ಣೀರುಬಾವಿ. ಇಲ್ಲಿಗೆ ಹೋಗುವ ದಾರಿಯೇ ಚಂದ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಬನ್ನಿ. ಟಿಪ್ಪು 1784ರಲ್ಲಿ ಕರಿಗಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅದರ ಬುಡದಲ್ಲೇ ದೋಣಿ ಹತ್ತಿ ಫಲ್ಗುಣಿ ನದಿ ದಾಟಿದರೆ ಆಚೆ ತಣ್ಣೀರುಬಾವಿ. ನದಿಗೂ ಕಡಲಿಗೂ ನಡುವೆ ಒಂದು ಪಟ್ಟಿ ನೆಲ ಅಷ್ಟೇ, ಕೆಲವೇ ನಿಮಿಷ ನಡೆದರೆ ಅಲೆಗಳ ಮುಂದೆ ನಿಂತಿರುತ್ತೀರಿ. ದೋಣಿ ಹತ್ತುವ ಮೊದಲೇ ವಾಪಸಿನ ಕೊನೆಯ ದೋಣಿ ಎಷ್ಟಕ್ಕೆ ಎಂದು ದೋಣಿಯವರನ್ನೇ ಕೇಳಿ. ಅದು ತಪ್ಪಿದರೆ ಕೂಳೂರು ಸೇತುವೆ ಸುತ್ತಿ ರಸ್ತೆಯಲ್ಲಿ ಬರಬೇಕು, ಆ ಹೊತ್ತಿನಲ್ಲಿ ಅಲ್ಲಿ ಆಟೋ ಸಿಗುವುದು ಕಷ್ಟ, ಸಿಕ್ಕರೂ ಹಿಂದಕ್ಕೆ ಖಾಲಿ ಬರಬೇಕೆಂದು ಹೆಚ್ಚು ಕೇಳುತ್ತಾರೆ. ಊರೊಳಗೆ ಆಟೋದವರು ಮೀಟರ್ ಹಾಕುತ್ತಾರೆ, ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು.

ಸೋಮೇಶ್ವರವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ನೇತ್ರಾವತಿ ದಾಟಿ ದಕ್ಷಿಣಕ್ಕೆ, ದೊಡ್ಡ ಬಂಡೆಗಳ ಮೇಲೆ ಸೋಮನಾಥ ದೇವಸ್ಥಾನ, ಕೆಳಗೆ ಕಡಲು. ಅದು ನೋಡುವ ಜಾಗ, ನೀರಿಗೆ ಇಳಿಯುವ ಜಾಗವಲ್ಲ. ಬಂಡೆಯ ಮೇಲೆ ಪಾಚಿ ಜಾರುತ್ತದೆ, ಸೆಳೆತವೂ ಜೋರು. ನೇತ್ರಾವತಿ ಕಡಲು ಸೇರುವ ಅಳಿವೆಯ ಹತ್ತಿರವೂ ನೀರಿಗೆ ಇಳಿಯಲೇಬಾರದು.

ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ಕಾವೇರಿಯಲ್ಲಿ ಈಜಿ ಬೆಳೆದವರಿಗೆ ನೀರಿನ ಭಯ ಕಡಿಮೆ, ಅದೇ ಕಡಲಿನಲ್ಲಿ ಅಪಾಯ. ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ, ಕಣ್ಣಿಗೆ ಕಾಣುತ್ತದೆ. ಕಡಲಿನಲ್ಲಿ ದಡಕ್ಕೆ ನುಗ್ಗಿದ ನೀರು ಎಲ್ಲೋ ಒಂದು ಕಡೆ ಸಂದು ಮಾಡಿಕೊಂಡು ಹಿಂದಕ್ಕೆ ರಭಸವಾಗಿ ಹೋಗುತ್ತದೆ. ಇಳಿಯುವ ಮೊದಲು ಎತ್ತರದ ಮರಳಿನ ಮೇಲೆ ಹತ್ತು ನಿಮಿಷ ನಿಂತು ನೋಡಿ. ಎರಡೂ ಬದಿಯಲ್ಲಿ ಅಲೆ ಬಿಳಿಯಾಗಿ ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ಒಡೆಯದೆ ನೀರು ಗಾಢವಾಗಿ, ಶಾಂತವಾಗಿ ಕಾಣುತ್ತಿದ್ದರೆ, ನೊರೆ ಅಥವಾ ಕದಡಿದ ಮರಳು ದಡದಿಂದ ಕಡಲಿನ ಕಡೆಗೆ ಸರಿಯುತ್ತಿದ್ದರೆ, ಆ ಸಂದು ಅದೇ. ಏನೂ ಅರಿಯದವರು ಅಲೆ ಕಡಿಮೆ ಎಂದು ಮಕ್ಕಳನ್ನು ಕರೆದುಕೊಂಡು ಹೋಗಿ ಇಳಿಯುವುದೂ ಅಲ್ಲಿಯೇ. ಅಕಸ್ಮಾತ್ ಸೆಳೆತಕ್ಕೆ ಸಿಕ್ಕರೆ ನೇರವಾಗಿ ದಡಕ್ಕೆ ಈಜಲು ಹೋಗಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಈಜಲಾಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೂ ಮೊದಲ ಪ್ರವಾಸದಲ್ಲಿ ಮೊಣಕಾಲು ದಾಟುವ ನೀರು ಬೇಡ. ಸೀರೆ, ಜೀನ್ಸ್ ಹಾಕಿಕೊಂಡು ಇಳಿದರೆ ನೆನೆದ ಬಟ್ಟೆಯ ಭಾರವೇ ಕಾಲು ಕಟ್ಟುತ್ತದೆ.

ಮಧ್ಯಾಹ್ನಕ್ಕೆ ಊಟ, ಆಮೇಲೆ ನೆರಳಿನ ಜಾಗಗಳು. ಮೀನೂಟ ಎಂದರೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಪಲ್ಯ. ಹುರಿದ ಮೀನಿಗೆ ಸಾಮಾನ್ಯವಾಗಿ ಬೇರೆ ಲೆಕ್ಕ, ಕಾಣೆ ಮತ್ತು ಅಂಜಲ್ ಮೀನಿಗೆ ದರ ಕೇಳಿಯೇ ಹೇಳಿ. ಬಂಗುಡೆ ಅಗ್ಗ, ರುಚಿಗೇನೂ ಕಡಿಮೆ ಇಲ್ಲ. ಹಂಪನಕಟ್ಟೆಯಿಂದ ಏರು ಹತ್ತಿದರೆ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೋ ಮೊಸ್ಕೆನಿ 19ನೇ ಶತಮಾನದ ಕೊನೆಯಲ್ಲಿ ಗೋಡೆ, ಮಾಳಿಗೆಯನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದಾರೆ. ಆ ಗುಡ್ಡವೇ ಬಾವುಟಗುಡ್ಡ, ಕೊಡಗಿನವರು ನೋಡಲೇಬೇಕಾದ ಜಾಗ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅಲ್ಲಿಯವರೆಗೆ ಕೊಡಗಿನದಾಗಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ರೈತರು ದಂಗೆ ಎದ್ದು ಮಂಗಳೂರಿಗೆ ಬಂದು ಏಪ್ರಿಲ್ 5ರಂದು ಇಲ್ಲಿ ಬಾವುಟ ಹಾರಿಸಿದರು, 13 ದಿನ ಊರು ಅವರ ಕೈಯಲ್ಲಿತ್ತು. ನಿಮ್ಮ ಬಸ್ ಬಂದ ಸುಳ್ಯ, ಪುತ್ತೂರು, ಬಂಟ್ವಾಳದ ದಾರಿ ಅವರು ನಡೆದುಬಂದ ಸೀಮೆಯೇ. ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅಲ್ಲಿ ನಿಂತಿದೆ.

ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ಇನ್ನೊಂದು ದಾರಿ ಇದೆ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಮೇಲೆ ಕಣ್ಣೂರಿಗೆ ಹೋದರೆ ಮಡಿಕೇರಿ ಸುತ್ತುವುದು ತಪ್ಪುತ್ತದೆ. ಅಂತರರಾಜ್ಯ ಪ್ರಯಾಣವಾದ್ದರಿಂದ ಶಕ್ತಿ ಟಿಕೆಟ್ ನಡೆಯುವುದಿಲ್ಲ, ಮಳೆಗಾಲದಲ್ಲಿ ಈ ಘಾಟಿಯನ್ನೂ ನಂಬುವಂತಿಲ್ಲ. ಕಣ್ಣೂರಿನಲ್ಲಿ ಪಯ್ಯಾಂಬಲಂ ಬೀಚ್ ಪೇಟೆಯಿಂದ ಆಟೋದಲ್ಲಿ ಸ್ವಲ್ಪವೇ ದೂರ, ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೇಂಟ್ ಏಂಜೆಲೋ ಕೋಟೆಯೂ ಹತ್ತಿರ. ಒಂದು ರಾತ್ರಿ ಅಲ್ಲಿದ್ದು, ಮಾರನೆಯ ದಿನ ರೈಲಿನಲ್ಲಿ ಮಂಗಳೂರಿಗೆ ಬಂದು, ಮೂರನೆಯ ದಿನ ಬಸ್ಸಿನಲ್ಲಿ ಮಡಿಕೇರಿಗೆ ಹತ್ತಬಹುದು. ರೈಲೇ ಇಲ್ಲದ ಜಿಲ್ಲೆಯ ಮಕ್ಕಳಿಗೆ ಆ ರೈಲಿನ ಪ್ರಯಾಣವೇ ಅರ್ಧ ಪ್ರವಾಸ. ಟಿಕೆಟ್ ತೆಗೆಯುವಾಗ ಮಂಗಳೂರು ಸೆಂಟ್ರಲ್‌ಗೆ ಹೋಗುವ ರೈಲು ನೋಡಿ ತೆಗೆಯಿರಿ. ಮಂಗಳೂರು ಜಂಕ್ಷನ್ ಬೇರೆ ನಿಲ್ದಾಣ, ಪಡೀಲ್ ಹತ್ತಿರ ಇದೆ. ಅಲ್ಲಿ ಇಳಿದರೆ ಹಂಪನಕಟ್ಟೆಗೆ ಮತ್ತೆ ಆಟೋ ಹಿಡಿಯಬೇಕು.